ಬ್ರಾನ್‌ಸ್ಟನ್ ಪಿಕಲ್‌ಗೆ ಅನ್ನ ಬೇಡ, ಚೀಸ್ ಬೇಕು

ಮೊದಲ ಸಲ ನಾನು ಅದನ್ನು ಮೊಸರನ್ನದ ಜತೆ ತಿಂದೆ. ಇಂಗ್ಲೆಂಡಿನ ಡರ್ಬಿಗೆ ಬಂದು ಎರಡು ತಿಂಗಳಾಗಿತ್ತು. ನವೆಂಬರ್, ನಾಲ್ಕೂವರೆಗೆಲ್ಲ ಕತ್ತಲು. ಸಾಗರದಿಂದ ಅಮ್ಮ ಕಟ್ಟಿಕೊಟ್ಟಿದ್ದ ಅಪ್ಪೆಮಿಡಿಯ ಡಬ್ಬಿ ತಳ ಕಂಡಿತ್ತು. ಸೂಪರ್‌ಮಾರ್ಕೆಟ್ಟಿನಲ್ಲಿ ‘ಬ್ರಾನ್‌ಸ್ಟನ್ ಪಿಕಲ್’ ಎಂದು ಬರೆದ ಬಾಟಲಿ ಕಣ್ಣಿಗೆ ಬಿದ್ದದ್ದೇ ಎತ್ತಿಕೊಂಡು ಬಂದೆ. ಕಪ್ಪಗೆ ಹೊಳೆಯುವ ಗೊಜ್ಜಿನಂಥದ್ದು, ಒಳಗೆ ಚೌಕ ಚೌಕವಾಗಿ ಹೆಚ್ಚಿದ ತರಕಾರಿ. ತಟ್ಟೆಯ ಅಂಚಿಗೆ ಒಂದು ಚಮಚ ಹಾಕಿಕೊಂಡು ಮೊಸರನ್ನಕ್ಕೆ ನಂಜಿಕೊಂಡೆ. ಮೊದಲು ಸಿಹಿ, ಆಮೇಲೆ ಮೂಗಿಗೇರುವ ವಿನೆಗರ್, ಕೊನೆಗೆ ಲವಂಗ. ಖಾರವೂ ಇಲ್ಲ, ನಾಲಿಗೆ ಹುಡುಕುತ್ತಿದ್ದ ಉಪ್ಪೂ ಇಲ್ಲ. ಆ ರಾತ್ರಿ ಊಟ ಅರ್ಧಕ್ಕೇ ಬಿಟ್ಟೆ. ಬಾಟಲಿ ಫ್ರಿಜ್ಜಿನ ಬಾಗಿಲಲ್ಲಿ ನಾಲ್ಕು ತಿಂಗಳು ಹಾಗೇ ಕೂತಿತು.

ಅದನ್ನು ತಿನ್ನುವ ಬಗೆ ತೋರಿಸಿಕೊಟ್ಟವರು ಪಕ್ಕದ ಮನೆಯ ಅಜ್ಜಿ. ಮಾರ್ಚಿನಲ್ಲಿ ನಮ್ಮ ಮನೆಯ ಬಾಯ್ಲರ್ ಕೆಟ್ಟು ಇಡೀ ಮನೆ ಮಂಜುಗಡ್ಡೆಯಾದಾಗ ಬಾಗಿಲು ತಟ್ಟಿ, “ಬಾ ಡಕ್, ನಮ್ಮನೇಲಿ ಬೆಚ್ಚಗಿದೆ” ಎಂದು ಕರೆದುಕೊಂಡು ಹೋದರು. (ಡರ್ಬಿಯಲ್ಲಿ ಅಂಗಡಿಯವರು, ಬಸ್ ಡ್ರೈವರ್, ಅಜ್ಜಿ ಎಲ್ಲರೂ ನಮ್ಮನ್ನು ‘ಡಕ್’ ಎಂದೇ ಕರೆಯುವುದು. ನಮ್ಮ ಕಡೆಯ ‘ಮಾರಾಯ್ತಿ’ ಇದ್ದ ಹಾಗೆ. ಕೇಳಿದರೆ ಮನಸ್ಸಿಗೆ ಹಿತ.) ನಾನು ಮಾಂಸ ತಿನ್ನುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಮೇಜಿನ ಮೇಲೆ ಒಂದು ಕಾಬ್ ಇಟ್ಟರು. ಇಲ್ಲಿ ದುಂಡನೆಯ ಬನ್ನಿಗೆ ಕಾಬ್ ಎನ್ನುತ್ತಾರೆ. ಪಕ್ಕದಲ್ಲಿ ಬೆಣ್ಣೆ, ಹೋಳು ಮಾಡಿದ ಸೇಬು, ಸೆಲರಿಯ ಒಂದು ದಂಟು, ಕಿರುಬೆರಳಿನಷ್ಟು ದಪ್ಪಕ್ಕೆ ಕತ್ತರಿಸಿದ ಚೆಡ್ಡರ್ ಚೀಸ್. ಮತ್ತೆ ಅದೇ ಕಪ್ಪು ಪಿಕಲ್. ನನ್ನ ಮುಖ ನೋಡಿ ಅವರು ಏನೂ ಹೇಳಲಿಲ್ಲ. ಚೀಸಿನ ತುಂಡಿನ ಮೇಲೆ ಅರ್ಧ ಚಮಚ ಪಿಕಲ್ ಹಚ್ಚಿ ನನ್ನ ತಟ್ಟೆಗೆ ಹಾಕಿದರು, ಅಷ್ಟೇ.

ಬಾಯಿಗಿಟ್ಟ ಕೂಡಲೇ ಗೊತ್ತಾಯಿತು, ನಾಲ್ಕು ತಿಂಗಳ ಹಿಂದೆ ನಾನು ಅದಕ್ಕೆ ಜೋಡಿಯಲ್ಲದ್ದನ್ನು ಜೋಡಿಸಿದ್ದೆ ಎಂದು. ಹಳೆಯ ಚೆಡ್ಡರ್‌ಗೆ ಒಂದು ಚುರುಕು ಇರುತ್ತದೆ, ಜತೆಗೆ ನಾಲಿಗೆಗೆ ಅಂಟಿಕೊಳ್ಳುವ ಜಿಡ್ಡು. ಪಿಕಲ್‌ನ ಹುಳಿ ಆ ಜಿಡ್ಡನ್ನು ತೊಳೆದುಬಿಟ್ಟಿತು. ಅದರ ಸಿಹಿ, ಚೀಸಿನ ಉಪ್ಪಿಗೆ ಸರಿಹೋಯಿತು. ಮೃದು ಚೀಸಿನ ನಡುವೆ ಪಿಕಲ್‌ನಲ್ಲಿದ್ದ ಸ್ವೀಡ್ ಎಂಬ ಗಡ್ಡೆಯ ಚೂರು ಕರುಂ ಎಂದಿತು.

ಆವತ್ತಿನಿಂದ ಇದರ ಬಗ್ಗೆ ತುಂಬ ಯೋಚಿಸಿದ್ದೇನೆ. ನಮ್ಮ ಉಪ್ಪಿನಕಾಯಿ ಹುಟ್ಟಿದ್ದು ಅನ್ನಕ್ಕಾಗಿ. ಅನ್ನಕ್ಕೆ ಉಪ್ಪಿಲ್ಲ, ಮೊಸರಿಗೆ ಉಪ್ಪಿಲ್ಲ, ಆದ್ದರಿಂದ ಉಪ್ಪು, ಖಾರ, ಎಣ್ಣೆ ಎಲ್ಲವನ್ನೂ ಉಪ್ಪಿನಕಾಯಿಯೇ ಹೊತ್ತು ತರಬೇಕು. ಹೆಸರಲ್ಲೇ ಉಪ್ಪಿದೆ. ಇವರ ಊಟದಲ್ಲಿ ಉಪ್ಪು ಚೀಸಿನಲ್ಲೇ ಇದೆ. 100 ಗ್ರಾಂ ಚೆಡ್ಡರ್‌ನಲ್ಲಿ ಸುಮಾರು 1.8 ಗ್ರಾಂ ಉಪ್ಪು, ಮೂರನೇ ಒಂದು ಭಾಗ ಕೊಬ್ಬು. ಅದರ ಪಕ್ಕದಲ್ಲಿ ಕೂರುವವರು ಇನ್ನಷ್ಟು ಉಪ್ಪು, ಇನ್ನಷ್ಟು ಎಣ್ಣೆ ತಂದರೆ ತಿನ್ನುವುದು ಹೇಗೆ? ಸಿಹಿ ಬೇಕು, ಹುಳಿ ಬೇಕು. ಕೆಡದ ಹಾಗೆ ಕಾಯುವ ಕೆಲಸವೂ ಅವೆರಡರದ್ದೇ. ನಮ್ಮಲ್ಲಿ ಉಪ್ಪು, ಬಿಸಿಲು, ಎಣ್ಣೆ ಮಾಡುವ ಕೆಲಸವನ್ನು ಬಿಸಿಲಿಲ್ಲದ ಈ ನಾಡಿನಲ್ಲಿ ವಿನೆಗರ್ ಮತ್ತು ಸಕ್ಕರೆ ಮಾಡುತ್ತವೆ. ಅದೂ ಬಾರ್ಲಿಯನ್ನು ಮೊಳಕೆ ಬರಿಸಿ, ಹುದುಗಿಸಿ, ಹುಳಿಯಾಗಿಸಿ ಮಾಡಿದ ಕಂದು ಬಣ್ಣದ ಮಾಲ್ಟ್ ವಿನೆಗರ್.

ಬ್ರಾನ್‌ಸ್ಟನ್ ಎನ್ನುವುದು ಒಂದು ಊರಿನ ಹೆಸರು ಎಂದು ಅಜ್ಜಿಯೇ ಹೇಳಿದ್ದು. ಡರ್ಬಿಯಿಂದ ರೈಲಿನಲ್ಲಿ ಕಾಲು ಗಂಟೆ ದೂರದ ಬರ್ಟನ್‌ಗೆ ಅಂಟಿಕೊಂಡಿದೆ. ಒಂದು ಶನಿವಾರ ಹೋಗಿ ನೋಡಿಕೊಂಡು ಬಂದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಮೆಷಿನ್ ಗನ್ ತಯಾರಿಸಲೆಂದು ಅಲ್ಲಿ ಕಟ್ಟಿಸಿದ್ದ ಕಾರ್ಖಾನೆಯನ್ನು ಯುದ್ಧ ಮುಗಿದ ಮೇಲೆ ಕ್ರಾಸ್ ಅಂಡ್ ಬ್ಲ್ಯಾಕ್‌ವೆಲ್ ಕಂಪನಿ ಕೊಂಡಿತು. 1922ರಲ್ಲಿ ಈ ಪಿಕಲ್ ಶುರುವಾದದ್ದು ಅಲ್ಲಿಂದ. ಖರ್ಚು ಹೊಂದದೆ ಕೆಲವೇ ವರ್ಷಗಳಲ್ಲಿ ತಯಾರಿಕೆ ಲಂಡನ್ನಿನ ಬರ್ಮಂಡ್ಸಿಗೆ ಹೋಯಿತು, ಹೆಸರು ಮಾತ್ರ ಊರಿನದ್ದೇ ಉಳಿಯಿತು. ಬರ್ಟನ್ ಬಿಯರ್ ತಯಾರಿಕೆಗೆ ಹೆಸರಾದ ಊರು. ಗಾಳಿ ಬೀಸಿದಾಗ ಬೇಯಿಸಿದ ಮಾಲ್ಟಿನ ವಾಸನೆ ಬರುತ್ತದೆ. ಸ್ಟೇಷನ್ನಿನಲ್ಲಿ ನಿಂತು ಅದನ್ನು ಮೂಸುತ್ತಿದ್ದಾಗ ಆ ಕಪ್ಪು ಗೊಜ್ಜಿನ ರುಚಿಯ ಮೂಲ ಸಿಕ್ಕಂತಾಯಿತು. ಈ ಪಿಕಲ್ ಇಲ್ಲಿನವರಿಗೆ ಎಷ್ಟು ಮುಖ್ಯ ಎಂದು ಕೇಳುವವರಿಗೆ ನಾನು 2004ರ ಕಥೆ ಹೇಳುತ್ತೇನೆ. ಆ ವರ್ಷದ ಅಕ್ಟೋಬರಿನಲ್ಲಿ, ಆಗ ಈ ಪಿಕಲ್ ತಯಾರಾಗುತ್ತಿದ್ದ ‘ಬರಿ ಸೇಂಟ್ ಎಡ್ಮಂಡ್ಸ್’ ಎಂಬ ಊರಿನ ಕಾರ್ಖಾನೆಗೆ ಬೆಂಕಿ ಬಿದ್ದು ಪೂರೈಕೆ ನಿಂತಾಗ ಜನ ತಮ್ಮ ಮನೆಯ ಬಾಟಲಿಗಳನ್ನು ಇಂಟರ್ನೆಟ್ಟಿನಲ್ಲಿ ಹರಾಜಿಗಿಟ್ಟಿದ್ದರು.

ಈಗ ಯಾವುದರ ಜತೆ ಯಾವುದು ಎಂಬ ಮಾತು. ಒಂಬತ್ತು ವರ್ಷ ತಿಂದು ಕಂಡುಕೊಂಡದ್ದು ಇದು.

ಎಲ್ಲಕ್ಕಿಂತ ಮೊದಲು ಚೆಡ್ಡರ್, ಅದೂ ಹಳೆಯದು. ಪ್ಯಾಕೆಟ್ಟಿನ ಮೇಲೆ ‘ಮೆಚ್ಯೂರ್’ ಅಥವಾ ‘ಎಕ್ಸ್‌ಟ್ರಾ ಮೆಚ್ಯೂರ್’ ಎಂದಿರಬೇಕು. ‘ಮೈಲ್ಡ್’ ತಂದರೆ ಪಿಕಲ್ ಅದನ್ನು ಪೂರ್ತಿ ನುಂಗಿಹಾಕುತ್ತದೆ, ಜಾಮ್ ತಿಂದ ಹಾಗಾಗುತ್ತದೆ. ನನ್ನಂತೆ ಸಸ್ಯಾಹಾರಿಗಳಾದರೆ ಲೇಬಲ್ ಓದಿ. ಹಾಲನ್ನು ಒಡೆಸಲು ಹಾಕುವ ರೆನೆಟ್ ಹಳೆಯ ಪದ್ಧತಿಯಲ್ಲಿ ಕರುವಿನ ಹೊಟ್ಟೆಯಿಂದ ತೆಗೆದದ್ದು. ಇಲ್ಲಿನ ಸೂಪರ್‌ಮಾರ್ಕೆಟ್ಟಿನ ಚೆಡ್ಡರ್‌ಗಳಲ್ಲಿ ಹೆಚ್ಚಿನವುಗಳಿಗೆ ಈಗ ಅದು ಹಾಕುವುದಿಲ್ಲ, ಸಸ್ಯಾಹಾರಿಗಳಿಗೆ ಆಗುತ್ತದೆ ಎಂದು ಪ್ಯಾಕೆಟ್ಟಿನ ಮೇಲೆಯೇ ಬರೆದಿರುತ್ತಾರೆ.

ಬ್ರೆಡ್, ಚೀಸ್, ಪಿಕಲ್, ಈರುಳ್ಳಿ ಒಟ್ಟಿಗಿಟ್ಟರೆ ಪಬ್ಬುಗಳಲ್ಲಿ ಅದಕ್ಕೆ ‘ಪ್ಲೌಮನ್ಸ್ ಲಂಚ್’ ಎಂದು ಹೆಸರು, ಅಂದರೆ ಉಳುವವನ ಊಟ. ಹೊಲದವರು ಬ್ರೆಡ್ಡು ಚೀಸು ತಿನ್ನುವುದು ಬಹಳ ಹಿಂದಿನದ್ದೇ. ಆದರೆ ಈ ಹೆಸರು ಊರೆಲ್ಲ ಹಬ್ಬಿದ್ದು 1950ರ ದಶಕದ ನಂತರ. ಯುದ್ಧಕಾಲದ ಚೀಸ್ ರೇಷನ್ 1954ರವರೆಗೂ ಇತ್ತು. ಅದು ಮುಗಿದ ಮೇಲೆ ಜನ ಮತ್ತೆ ಚೀಸ್ ತಿನ್ನಲಿ ಎಂದು ಮಾರಾಟಗಾರರ ಸಂಸ್ಥೆಗಳು ಪ್ರಚಾರ ಮಾಡಿದವು. ಹೆಸರು ಹೇಗೇ ಬಂದಿರಲಿ, ತಟ್ಟೆ ಒಳ್ಳೆಯದು. ಸೇಬಿನ ಹೋಳು ತಪ್ಪಿಸಬೇಡಿ.

ಟೋಸ್ಟಿ, ಅಂದರೆ ಬಿಸಿ ಮಾಡಿ ಸುಟ್ಟ ಸ್ಯಾಂಡ್‌ವಿಚ್, ಮಾಡುವಾಗ ಪಿಕಲ್ ಅನ್ನು ಎರಡು ಪದರ ಚೀಸಿನ ನಡುವೆ ಹಾಕಬೇಕು. ಅಂಚಿಗೆ ಬಂದರೆ ಸಕ್ಕರೆ ಸೀದು ಕಹಿಯಾಗುತ್ತದೆ. ಸಿಪ್ಪೆ ಸಮೇತ ಓವನ್ನಿನಲ್ಲಿ ಸುಟ್ಟ ದೊಡ್ಡ ಆಲೂಗಡ್ಡೆಯನ್ನು ಸೀಳಿ, ಬೆಣ್ಣೆ, ತುರಿದ ಚೀಸ್, ಮೇಲೆ ಒಂದು ಚಮಚ ಪಿಕಲ್ ಹಾಕಿದರೆ ಚಳಿಗಾಲದ ರಾತ್ರಿಗೆ ಬೇರೇನೂ ಬೇಡ. ನೀಲಿ ಗೆರೆಯ ಸ್ಟಿಲ್ಟನ್ ಚೀಸ್‌ಗೆ ಮಾತ್ರ ಬ್ರಾನ್‌ಸ್ಟನ್ ಬೇಡ, ಎರಡೂ ಜೋರು, ಜಗಳವಾಡುತ್ತವೆ. ಅದಕ್ಕೆ ಪೇರ್ ಹಣ್ಣಿನ ಚಟ್ನಿಯೇ ಸರಿ. (ಇಲ್ಲಿ ಚಟ್ನಿ ಎಂದರೆ ಸಕ್ಕರೆ, ವಿನೆಗರ್ ಹಾಕಿ ಬೇಯಿಸಿಡುವ ಗೊಜ್ಜು.) ವೆನ್ಸ್‌ಲಿಡೇಲ್ ಹುಡಿಹುಡಿಯಾದ ಸೌಮ್ಯ ಚೀಸ್, ಸೇಬಿನ ಚಟ್ನಿ ಸಾಕು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಓಟ್‌ಕೇಕ್. ಸ್ಕಾಟ್ಲೆಂಡಿನ ಗಟ್ಟಿ ಬಿಸ್ಕತ್ತಲ್ಲ, ಸ್ಟ್ಯಾಫರ್ಡ್‌ಶೈರ್ ಮತ್ತು ಡರ್ಬಿಶೈರ್‌ನ ಮೆದು ಓಟ್‌ಕೇಕ್. ಓಟ್ಸ್ ಹಿಟ್ಟು, ಗೋಧಿ ಹಿಟ್ಟು, ಯೀಸ್ಟ್ ಕಲಸಿ ಹುದುಗಿಸಿ ಕಾವಲಿಯ ಮೇಲೆ ಹುಯ್ಯುತ್ತಾರೆ. ಮೇಲೆಲ್ಲ ತೂತು ತೂತು. ಮೊದಲ ಸಲ ನೋಡಿದಾಗ ಗಂಟಲು ಕಟ್ಟಿತು, ಅಷ್ಟು ದೋಸೆಯ ಹಾಗಿತ್ತು. ಡರ್ಬಿಶೈರಿನದ್ದು ಸ್ವಲ್ಪ ದಪ್ಪ. ಚೀಸ್ ಉದುರಿಸಿ, ಕರಗಿದ ಮೇಲೆ ಪಿಕಲ್ ಸವರಿ ಸುತ್ತಿಕೊಂಡು ತಿನ್ನುತ್ತೇನೆ. ಭಾನುವಾರ ಬೆಳಿಗ್ಗೆ ನಮ್ಮನೆಯಲ್ಲಿ ಇದೇ ತಿಂಡಿ.

ಪಿಕಲಿಲ್ಲಿಯ ಬಗ್ಗೆಯೂ ಹೇಳಬೇಕು. ಅದು ಹಳದಿ: ಹೂಕೋಸು, ಪುಟ್ಟ ಈರುಳ್ಳಿ, ಸೌತೆ, ಸಾಸಿವೆ, ಅರಿಶಿನ. 1758ರ ಒಂದು ಇಂಗ್ಲಿಷ್ ಅಡುಗೆ ವಿಧಾನದಲ್ಲೇ ಇದನ್ನು ‘ಇಂಡಿಯಾ ಪಿಕಲ್’ ಎಂದು ಕರೆದಿದೆ. ಅರಿಶಿನ ಕಂಡು ಆಸೆಯಿಂದ ತಿಂದೆ, ನನಗೆ ಹಿಡಿಸಲಿಲ್ಲ. ಸಾಸಿವೆ ಹಸಿಹಸಿ ಅನಿಸುತ್ತದೆ. ಇಲ್ಲಿನವರು ಹಂದಿಮಾಂಸದ ಪೈ ಜತೆ ತಿನ್ನುತ್ತಾರೆ.

ಸೆಪ್ಟೆಂಬರ್ ಕೊನೆಗೆ ಅಜ್ಜಿಯ ಅಲಾಟ್‌ಮೆಂಟಿನಲ್ಲಿ, ಅಂದರೆ ಕೌನ್ಸಿಲ್‌ನಿಂದ ಬಾಡಿಗೆಗೆ ಪಡೆದ ತರಕಾರಿ ಪಾತಿಯಲ್ಲಿ, ಹಣ್ಣಾಗದೆ ಉಳಿದ ಟೊಮೆಟೊ ರಾಶಿ ಬೀಳುತ್ತದೆ. ಬಿಸಿಲು ಹೋಯಿತು, ಇನ್ನು ಕೆಂಪಾಗುವುದಿಲ್ಲ. ಚಟ್ನಿ ಮಾಡುವ ಕಾಲ ಅದು. ಈಗ ಐದು ವರ್ಷದಿಂದ ಇಬ್ಬರೂ ಒಟ್ಟಿಗೆ ಮಾಡುತ್ತೇವೆ. ಒಂದು ಕಿಲೊ ಕಾಯಿ ಟೊಮೆಟೊ, ಅರ್ಧ ಕಿಲೊ ಬ್ರ್ಯಾಮ್ಲಿ ಸೇಬು, ಅರ್ಧ ಕಿಲೊ ಈರುಳ್ಳಿ, ಕಾಲು ಕಿಲೊ ಒಣದ್ರಾಕ್ಷಿ, ಅರ್ಧ ಕಿಲೊ ಕಂದು ಸಕ್ಕರೆ, 600 ಮಿಲಿ ಮಾಲ್ಟ್ ವಿನೆಗರ್, ಎರಡು ಚಮಚ ಉಪ್ಪು, ಶುಂಠಿ, ಸಾಸಿವೆ. ಬ್ರ್ಯಾಮ್ಲಿ ಹುಳಿ ಸೇಬು. ಪಕ್ಕದ ನಾಟಿಂಗ್‌ಹ್ಯಾಮ್‌ಶೈರಿನ ಸೌತ್‌ವೆಲ್‌ನಲ್ಲಿ 1809ರಲ್ಲಿ ಒಬ್ಬ ಹುಡುಗಿ ನೆಟ್ಟ ಬೀಜದಿಂದ ಬಂದ ತಳಿ. ಬೆಂದರೆ ಕರಗಿ ಗೊಜ್ಜಾಗುತ್ತದೆ, ಚಟ್ನಿಗೆ ಮೈ ಬರುವುದು ಅದರಿಂದ.

ಮುಚ್ಚಳ ಹಾಕದೆ ಸಣ್ಣ ಉರಿಯಲ್ಲಿ ಎರಡು ಗಂಟೆ. ಕಿಟಕಿ ತೆರೆದಿಡಿ, ವಿನೆಗರ್ ಹಬೆಗೆ ಕಣ್ಣು ಉರಿಯುತ್ತದೆ. ಮರದ ಸೌಟಿನಿಂದ ಪಾತ್ರೆಯ ತಳದಲ್ಲಿ ಗೆರೆ ಎಳೆದರೆ ಒಂದು ಕ್ಷಣ ತಳ ಕಾಣಬೇಕು, ನೀರು ಓಡಿಬಂದು ಗೆರೆ ತುಂಬಬಾರದು. ಆಗ ಆಯಿತು. ಓವನ್ನಿನಲ್ಲಿ ಬಿಸಿ ಮಾಡಿದ ಗಾಜಿನ ಬಾಟಲಿಗೆ ಬಿಸಿಬಿಸಿಯಾಗಿಯೇ ತುಂಬಬೇಕು. ಮುಚ್ಚಳದ ಒಳಗೆ ಪ್ಲಾಸ್ಟಿಕ್ ಲೇಪನ ಇರಲೇಬೇಕು, ಇಲ್ಲದಿದ್ದರೆ ವಿನೆಗರ್ ತಗಡನ್ನು ತಿನ್ನುತ್ತದೆ.

ಮೊದಲ ವರ್ಷ ನಾನು ಅವತ್ತೇ ರುಚಿ ನೋಡಿದೆ. ಗೊಜ್ಜು ಇಳಿಸಿದ ಕೂಡಲೇ ಅಂಗೈಗೆ ಹಾಕಿಕೊಂಡು ನೆಕ್ಕುವ ಅಭ್ಯಾಸ. ಬರೀ ವಿನೆಗರ್, ಗಂಟಲು ಕೆರೆಯಿತು. ಅಜ್ಜಿ ಬಾಟಲಿ ಕಸಿದುಕೊಂಡು ಕಪಾಟಿಗೆ ಇಟ್ಟರು. ಎರಡು ತಿಂಗಳು ಕತ್ತಲಲ್ಲಿ ಕೂತರೆ ಆ ತೀಕ್ಷ್ಣತೆ ಇಳಿದು ಎಲ್ಲವೂ ಒಂದಾಗುತ್ತವೆ. ಮೂರನೇ ವರ್ಷ ನನ್ನ ಪಾಲಿಗೆ ಬ್ಯಾಡಗಿ ಮೆಣಸು, ಇಂಗಿನ ಒಗ್ಗರಣೆ ಹಾಕಿ ನೋಡಿದೆ. ಚಪಾತಿಗೆ ಚೆನ್ನಾಗಿತ್ತು. ಚೀಸ್ ಜತೆ ಇಂಗು ಹೊಂದಲಿಲ್ಲ, ಆಮೇಲೆ ಹಾಕಿಲ್ಲ.

ಈ ಸಲ ಆರು ಬಾಟಲಿ ಬಂತು. ಮೂರು ಅವರಿಗೆ, ಮೂರು ನನಗೆ. ಅಜ್ಜಿಗೆ ಈಗ ಕೈ ನಡುಗುತ್ತದೆ, ಲೇಬಲ್ ಬರೆದದ್ದು ನಾನು: ‘ಕಾಯಿ ಟೊಮೆಟೊ, ಸೆಪ್ಟೆಂಬರ್ 28’. ಅವರ ಬಾಟಲಿಗಳ ಮೇಲೂ ಕನ್ನಡದಲ್ಲೇ ಬರೆ ಎಂದರು, ಬರೆದೆ. ಕ್ರಿಸ್‌ಮಸ್‌ನ ಮಾರನೇ ದಿನ, ಬಾಕ್ಸಿಂಗ್ ಡೇಯ ಮಧ್ಯಾಹ್ನ, ಮೊದಲನೆಯದನ್ನು ಅವರ ಮನೆಯಲ್ಲಿ ತೆಗೆಯುವುದು. ಓಟ್‌ಕೇಕ್ ತರುವುದು ನನ್ನ ಪಾಲು.