ಹಕ್ಕೊತ್ತಾಯದ ಹಿಂದಿನ ಹಣ

ಸರ್ಕಾರದ ನೀತಿಯ ಬಗ್ಗೆ ಒಂದು ಸ್ವಯಂಸೇವಾ ಸಂಸ್ಥೆ ಎಷ್ಟು ಗಟ್ಟಿಯಾಗಿ ಮಾತನಾಡಬಲ್ಲದು ಎಂಬುದನ್ನು ಅದರ ಧ್ಯೇಯೋದ್ದೇಶಗಳಿಗಿಂತ ಅದರ ಜಮಾಖರ್ಚಿನ ಪುಸ್ತಕವೇ ಹೆಚ್ಚಾಗಿ ನಿರ್ಧರಿಸುತ್ತದೆ ಎಂಬುದು ಧಾರವಾಡದಲ್ಲಿದ್ದು ಇಂಥ ಸಂಸ್ಥೆಗಳನ್ನು ಹತ್ತಿರದಿಂದ ಕಂಡಿರುವ ನನ್ನ ಅಭಿಪ್ರಾಯ.

ಹಾನಗಲ್ ತಾಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ನಡೆದ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹವನ್ನೇ ನೋಡಿ. ರಾಜ್ಯ ಸರ್ಕಾರವೂ ಹರಿಹರದ ಖಾಸಗಿ ಕಾರ್ಖಾನೆಯೂ ಸೇರಿ ಕಟ್ಟಿದ್ದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ ಸಾಮೂಹಿಕ ಭೂಮಿಯನ್ನು ಕೊಡುವುದರ ವಿರುದ್ಧ, ಧಾರವಾಡದ ಸ್ವಯಂಸೇವಾ ಸಂಸ್ಥೆ ಸಮಾಜ ಪರಿವರ್ತನ ಸಮುದಾಯದೊಂದಿಗೆ ಊರವರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಅದಕ್ಕೂ ಮೊದಲೇ ಶಿವರಾಮ ಕಾರಂತರು ಮತ್ತಿತರರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದರು. ಕಂಪನಿಯನ್ನು ಮುಚ್ಚುವ ನಿರ್ಧಾರವಾದದ್ದು 1991ರಲ್ಲಿ. ದನ ಮೇಯಿಸಲು, ಉರುವಲು ತರಲು ಆ ಭೂಮಿಯನ್ನೇ ನಂಬಿದ್ದವರಿಗೆ ಅಷ್ಟು ವರ್ಷ ಕಾಯುವುದು ಅನಿವಾರ್ಯವಾಗಿತ್ತು. ದಾನಿಗಳ ಯೋಜನೆಗಳಾದರೋ ಸಾಮಾನ್ಯವಾಗಿ ಎರಡು-ಮೂರು ವರ್ಷಕ್ಕೆ ಮುಗಿಯುತ್ತವೆ.

ಇನ್ನು ಕಾನೂನಿನ ಮಾತು. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ, ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕೆ ಬಳಸಬಹುದಾದ ಪಾಲಿನ ಮಿತಿಯನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಿತಲ್ಲದೆ, ಪಡೆದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದನ್ನೂ ನಿಷೇಧಿಸಿತು. ವಕೀಲರ ಶುಲ್ಕ ಮತ್ತು ಕಚೇರಿ ಬಾಡಿಗೆ ಈ ಆಡಳಿತ ವೆಚ್ಚದಲ್ಲೇ ಸೇರುವುದರಿಂದ, ನ್ಯಾಯಾಲಯದ ದಾರಿ ಹಿಡಿಯುವ ಸಂಸ್ಥೆಗೆ ಮೊದಲು ತಟ್ಟುವ ಬಿಸಿ ಇದೇ. ದೊಡ್ಡ ಸಂಸ್ಥೆಯ ಮೂಲಕ ವಿದೇಶಿ ನೆರವು ಪಡೆಯುತ್ತಿದ್ದ ತಾಲೂಕು ಮಟ್ಟದ ಚಿಕ್ಕ ಗುಂಪುಗಳಿಗಂತೂ ಆ ಬಾಗಿಲೇ ಮುಚ್ಚಿತು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ ಶಾಲೆಯ ಶೌಚಾಲಯಕ್ಕೆ ಸಲೀಸಾಗಿ ಬರುತ್ತದೆ, ಆದರೆ ಕಾರ್ಖಾನೆಯ ಕೊಳಚೆ ನೀರನ್ನು ಪ್ರಶ್ನಿಸುವುದಕ್ಕೆ ಬರುವುದಿಲ್ಲ. ಬರಬೇಕೆಂದು ನಿರೀಕ್ಷಿಸುವುದೂ ಭೋಳೆತನವೇ.

ಹಣವಿಲ್ಲದೆಯೂ ತೂಕ ಪಡೆಯುವ ದಾರಿ ನಮ್ಮ ಭಾಗದಲ್ಲಿ ಇನ್ನೊಂದಿದೆ. ಗದಗ ಜಿಲ್ಲೆಯ ಕಪ್ಪತಗುಡ್ಡದ ಸಂರಕ್ಷಿತ ಸ್ಥಾನಮಾನವನ್ನು ಸರ್ಕಾರ ಹಿಂಪಡೆದಾಗ, 2017ರ ಗದಗ ಧರಣಿಯಲ್ಲಿ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಪರಿಸರ ಹೋರಾಟಗಾರರ ಪಕ್ಕದಲ್ಲೇ ಕುಳಿತಿದ್ದರು. ಯಾವ ಅಧ್ಯಯನ ವರದಿಗೂ ಅಧಿಕಾರಿಗಳು ಅಷ್ಟು ಬೇಗ ಓಗೊಡುವುದಿಲ್ಲ. ಅದೇ ವರ್ಷ ಆ ಸ್ಥಾನಮಾನ ಮರಳಿತು, 2019ರಲ್ಲಿ ಗುಡ್ಡ ವನ್ಯಜೀವಿಧಾಮವೂ ಆಯಿತು. ಆದರೆ ಮಠದ ಬೆಂಬಲ ಎಲ್ಲ ವಿಷಯಕ್ಕೂ ಸಿಗುವುದಿಲ್ಲ. ದೇವದಾಸಿ ಮಹಿಳೆಯರ ಪಿಂಚಣಿಗೋ ಪೌರಕಾರ್ಮಿಕರ ಕೂಲಿಗೋ ಧರಣಿ ಕೂತವರ ಪಕ್ಕದಲ್ಲಿ ಕಾವಿ ಕಾಣುವುದು ಅಪರೂಪ.