ಮಿಲಿಟ್ರಿ ಅಜ್ಜನ ಐದು ಸ್ವರ

ಕಳೆದ ತಿಂಗಳು ಒಂದು ರಾತ್ರಿ ನಮ್ಮ ತೋಟದ ಆಚೆ ಬದಿಯಲ್ಲಿ ಆನೆ ಕೂಗಿತು. ಗಂಟೆ ಹನ್ನೊಂದೂವರೆ ಆಗಿರಬಹುದು. ನಮ್ಮ ಮನೆ ಕಾಸರಗೋಡಿನ ಮುಳ್ಳೇರಿಯದಿಂದ ಒಳಗೆ, ಕಾಡಿನ ಅಂಚಿನಲ್ಲಿ. ಇಲ್ಲಿ ಆನೆ ಬರುವುದು ಹೊಸತಲ್ಲ. ಕಾರಡ್ಕ, ಅಡೂರು, ದೇಲಂಪಾಡಿ ಕಡೆಯವರಿಗೆ ಬೆಳಗ್ಗೆ ತೋಟಕ್ಕೆ ಹೋದಾಗ ಬಾಳೆ ನೆಲಕ್ಕೊರಗಿರುವುದು, ಅಡಿಕೆ ಮರ ಅಡ್ಡ ಮಲಗಿರುವುದು ನೋಡಿ ನೋಡಿ ಅಭ್ಯಾಸ ಆಗಿಹೋಗಿದೆ. ಆದರೆ ಆ ಕೂಗನ್ನು ಅಷ್ಟು ಹತ್ತಿರದಿಂದ ನಾನು ಕೇಳಿದ್ದು ಅದೇ ಮೊದಲು. ಕಿವಿಗಿಂತ ಮೊದಲು ಎದೆಗೆ ತಾಗಿತು.

ಎಲ್ಲರೂ ಟಾರ್ಚ್ ಹಿಡಿದು ಹೊರಗೆ ಬಂದರು. ಡಬ್ಬ ಬಡಿದರು. ಯಾರೋ ಎರಡು ಗರ್ನಾಲ್ ಪಟಾಕಿ ಹೊಡೆದರು. ಆಗ ಪಕ್ಕದ ಮನೆಯ ಮಿಲಿಟ್ರಿ ಅಜ್ಜ ಜಗಲಿಯಿಂದ ಇಳಿದು ಬಂದು, ಕಿವಿಗೆ ಅಂಗೈ ಕೊಟ್ಟು ನಿಂತರು. "ಸಾಕು ಮಾರಾಯ್ರೆ, ಇನ್ನು ಹೊಡೀಬೇಡಿ. ಅದಕ್ಕೆ ಸಿಟ್ಟಲ್ಲ, ಹೆದರಿಕೆ. ಶ್ವಾಸ ತುಂಡು ತುಂಡಾಗಿ ಬರ್ತಾ ಉಂಟು, ಕೇಳುದಿಲ್ವಾ?" ಅಂದರು. ಡಬ್ಬದ ಸದ್ದು ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಬಿದಿರು ಮುರಿಯುವ ಸದ್ದು ದೂರ ದೂರ ಸರಿಯಿತು.

ಅಷ್ಟು ಜನರಲ್ಲಿ ಆನೆಯ ಶ್ವಾಸ ಕೇಳಿಸಿದ್ದು ಅವರೊಬ್ಬರಿಗೇ. ಅವರು ಸೈನ್ಯದಲ್ಲಿ ಬ್ಯೂಗಲ್, ಅಂದರೆ ಗುಂಡಿಗಳಿಲ್ಲದ ಸಣ್ಣ ಕಹಳೆ, ಊದುತ್ತಿದ್ದವರು. ಕಾಲಾಳು ಪಡೆ. ಬೆಳಗ್ಗೆ ಎಬ್ಬಿಸುವುದು, ಊಟಕ್ಕೆ ಕರೆಯುವುದು, ಸಂಜೆ ಧ್ವಜ ಇಳಿಸುವಾಗ ರಿಟ್ರೀಟ್ ಊದುವುದು, ರಾತ್ರಿ ದೀಪ ಆರಿಸಲು ಹೇಳುವುದು, ಹೀಗೆ ಒಂದಿಡೀ ಕ್ಯಾಂಪಿನ ದಿನ ಇವರ ಬಾಯಿಯಲ್ಲಿತ್ತು. ಊರಿನಲ್ಲಿ ಅವರ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ನಮಗೆಲ್ಲ ಮಿಲಿಟ್ರಿ ಅಜ್ಜ.

ನಾನು ಈಗ ಬರೆಯಲು ಕೂತದ್ದಕ್ಕೆ ಕಾರಣ ಆನೆ ಮಾತ್ರ ಅಲ್ಲ, ನನ್ನ ಮಗಳೂ ಹೌದು. ಏಳನೇ ಕ್ಲಾಸು. ಕಲೋತ್ಸವದ ಬ್ಯಾಂಡ್ ಮೇಳಕ್ಕೆ ಅಂತ ಶಾಲೆಯಲ್ಲಿ ಅವಳಿಗೆ ಟ್ರಂಪೆಟ್ ಕೊಟ್ಟರು. ಕಲಿಸಲು ಬರುತ್ತಿದ್ದವರು ಎರಡು ತಿಂಗಳಲ್ಲಿ ಬರುವುದು ನಿಲ್ಲಿಸಿದರು. ಮಕ್ಕಳು ತಮಗೆ ತೋಚಿದ ಹಾಗೆ ಊದಿದರು. ಒಂದು ಸಂಜೆ ಅವಳ ತುಟಿಯ ಮೇಲೆ ಕೆಂಪು ಉಂಗುರದ ಹಾಗೆ ಗುರುತು ಬಿದ್ದಿತ್ತು, ಸಾರಿನ ಖಾರ ತಾಗಿದರೆ ಕಣ್ಣಲ್ಲಿ ನೀರು. ಬಿಟ್ಟುಬಿಡು ಅಂದೆ. ಅವಳು ಬಿಡಲಿಲ್ಲ. ಟ್ರಂಪೆಟ್ ಎತ್ತಿಕೊಂಡು ಸೀದಾ ಅಜ್ಜನ ಮನೆಗೆ ಹೋದಳು.

ಅಜ್ಜ ಮೊದಲು ಮಾಡಿದ ಕೆಲಸ ಟ್ರಂಪೆಟನ್ನು ಕಪಾಟಿನಲ್ಲಿ ಇಟ್ಟು ಬಾಗಿಲು ಹಾಕಿದ್ದು. "ಅದು ಬರೇ ಪೈಪು ಮಗಾ. ಶಬ್ದ ಅಲ್ಲಿಲ್ಲ, ಇಲ್ಲಿ ಉಂಟು" ಅಂತ ತುಟಿ ಮುಟ್ಟಿ ತೋರಿಸಿದರು. ಎರಡು ವಾರ ಅವಳು ಬರೀ ತುಟಿ ಸೇರಿಸಿ, ಬದಿಗಳನ್ನು ಬಿಗಿ ಹಿಡಿದು, ನಡುವೆ ಗಾಳಿ ಬಿಟ್ಟು ಜೀರುಂಡೆಯ ಹಾಗೆ ಸದ್ದು ಮಾಡಿದಳು. ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ, ದನಕ್ಕೆ ಹುಲ್ಲು ಹಾಕುವಾಗ ಎಲ್ಲ ಅದೇ.

ಆಗ ನನಗೆ ಅರ್ಥ ಆಯಿತು. ನಾಗಸ್ವರಕ್ಕೆ ಪೀಪಿ ಇದೆ. ಹಾರ್ಮೋನಿಯಂ ಒಳಗೆ ಲೋಹದ ರೀಡ್ ಇದೆ. ಕಹಳೆಗೆ ಏನೂ ಇಲ್ಲ. ಊದುವವನ ತುಟಿಯೇ ಅದರ ಪೀಪಿ. ತುಟಿ ಒಂದು ಸೆಕೆಂಡಿಗೆ ನೂರಾರು ಸಲ ನಡುಗುತ್ತದೆ. ಕೊಳವೆಯ ಉದ್ದಕ್ಕೆ ಒಪ್ಪುವ ನಡುಕ ಮಾತ್ರ ದೊಡ್ಡದಾಗಿ ಹೊರಗೆ ಬರುತ್ತದೆ, ಒಪ್ಪದ್ದು ಬರುವುದಿಲ್ಲ. ಅದಕ್ಕೇ ಬ್ಯೂಗಲಿಗೆ ಇರುವುದು ಕೆಲವೇ ಸ್ವರ. ಸೈನ್ಯದ ಕರೆಗಳಿಗೆ ಬಳಸುವುದು ಐದು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಕೆಳಗಿನ ಸ, ಅದರ ಮೇಲೆ ಪ, ಮೇಲಿನ ಸ, ಆಮೇಲೆ ಗ, ಮತ್ತೆ ಪ. ರಿ ಇಲ್ಲ, ಮ ಇಲ್ಲ, ದ ನಿ ಇಲ್ಲ. ಸ-ಗ-ಪ ಅಷ್ಟೇ. ಅಷ್ಟರಲ್ಲೇ ಒಂದು ಸೈನ್ಯವನ್ನು ಎಬ್ಬಿಸಬೇಕು, ನಡೆಸಬೇಕು, ನಿಲ್ಲಿಸಬೇಕು, ಸತ್ತವನಿಗೆ ವಿದಾಯವನ್ನೂ ಹೇಳಬೇಕು.

ಟ್ರಂಪೆಟ್ಟಿನಲ್ಲಿ ಮೂರು ಗುಂಡಿಗಳಿವೆ ಅಲ್ವಾ, ಅವು ಬಂದದ್ದು ಬಹಳ ತಡವಾಗಿ. ಜರ್ಮನಿಯಲ್ಲಿ 1818ರಲ್ಲಿ ಸ್ಟೋಲ್ಜೆಲ್, ಬ್ಲೂಮೆಲ್ ಎಂಬ ಇಬ್ಬರು ಅದಕ್ಕೆ ಪೇಟೆಂಟ್ ಪಡೆದರು. ಗುಂಡಿ ಒತ್ತಿದರೆ ಗಾಳಿ ಇನ್ನೊಂದು ತುಂಡು ಕೊಳವೆಯನ್ನೂ ಸುತ್ತಿ ಬರುತ್ತದೆ, ದಾರಿ ಉದ್ದ ಆಗುತ್ತದೆ, ಸ್ವರ ಇಳಿಯುತ್ತದೆ. ಅದಕ್ಕೂ ಮೊದಲು ಸಾವಿರಾರು ವರ್ಷ ಕಹಳೆ ಊದಿದವರಲ್ಲಿ ಹೆಚ್ಚಿನವರು ಬರಿಯ ತುಟಿಯ ಬಲದಲ್ಲೇ ಊದಿದವರು. ಈಜಿಪ್ಟಿನ ಹಳೆಯ ರಾಜ ತುತಾಂಖಾಮನ್‌ನ ಗೋರಿಯಲ್ಲಿ ಸಿಕ್ಕಿದ ಎರಡು ಕಹಳೆಗಳಿಗೆ ಮೂರು ಸಾವಿರ ವರ್ಷಕ್ಕಿಂತ ಜಾಸ್ತಿ ವಯಸ್ಸು. ಒಂದು ಬೆಳ್ಳಿಯದು. 1939ರಲ್ಲಿ ಒಬ್ಬ ಬ್ರಿಟಿಷ್ ಬ್ಯಾಂಡಿನವನು ಅವನ್ನು ರೇಡಿಯೋಕ್ಕಾಗಿ ಊದಿದ್ದ. ಅಷ್ಟು ಹಳೆಯ ಲೋಹ ಹೊಸ ತುಟಿಯೊಂದು ತಾಗಿದ ಕೂಡಲೇ ಮಾತಾಡಿತು.

ನಮ್ಮಲ್ಲೂ ಇದು ಸಣ್ಣ ವಿಷಯ ಆಗಿರಲಿಲ್ಲ. ಹಳೆಯ ಶಾಸನಗಳಲ್ಲಿ ಸಾಮಂತರ ಹೆಸರಿನ ಹಿಂದೆ "ಸಮಧಿಗತ ಪಂಚಮಹಾಶಬ್ದ" ಅಂತ ಬರುತ್ತದೆ. ಐದು ದೊಡ್ಡ ವಾದ್ಯಗಳನ್ನು ತನ್ನ ಮುಂದೆ ನುಡಿಸಿಕೊಳ್ಳುವ ಹಕ್ಕು ಪಡೆದವನು ಎಂದು ಅರ್ಥ. ಕೊಂಬು, ಶಂಖ ಆ ಐದರಲ್ಲಿ ಸೇರಿವೆ. ಹಳೆಯ ಕಾವ್ಯಗಳಲ್ಲಿ ಯುದ್ಧ ಶುರುವಾಗುವಾಗ ಹೆಗ್ಗಾಳೆ, ಅಂದರೆ ದೊಡ್ಡ ಕಹಳೆ, ಮೊಳಗುತ್ತದೆ. ಈಗ ಆ ಮಾತೆಲ್ಲ ಚುನಾವಣೆಯ ಸುದ್ದಿಗೆ ಬಂದುಬಿಟ್ಟಿದೆ. ಯಾರು ಏನು ಘೋಷಿಸಿದರೂ ಪೇಪರಿನಲ್ಲಿ "ರಣಕಹಳೆ". ನನಗೆ ಅದು ಬೇಜಾರು. ಕಹಳೆ ಎಂದರೆ ಸುಮ್ನೆ ಬೊಬ್ಬೆ ಹೊಡೆಯುವುದಲ್ಲ. ದೂರದಲ್ಲಿ ನಿಂತವನಿಗೆ ಏನು ಮಾಡಬೇಕೆಂದು ಸರಿಯಾಗಿ ತಿಳಿಯುವ ಹಾಗೆ ಹೇಳುವುದು. ಒಂದು ಸ್ವರ ತಪ್ಪಿದರೆ ಅರ್ಥವೇ ಬೇರೆ.

ನಮ್ಮ ದೇವಸ್ಥಾನದ ಉತ್ಸವಕ್ಕೆ ಬರುವ ಕೊಂಬಿನವರನ್ನು ಈ ಸಲ ನಾನು ಹತ್ತಿರ ಹೋಗಿ ನೋಡಿದೆ. ಇಷ್ಟು ವರ್ಷ ಚೆಂಡೆಯವರನ್ನೇ ನೋಡುತ್ತಿದ್ದೆ, ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಕೊಂಬು ಮೂರು ತುಂಡು. ಬಟ್ಟೆಯ ಚೀಲದಿಂದ ತೆಗೆದು ಒಂದಕ್ಕೊಂದು ಸಿಕ್ಕಿಸಿದರೆ ಅರ್ಧ ಚಂದ್ರನ ಹಾಗೆ ಬಾಗಿ ತಲೆಯಿಂದ ಮೇಲೆ ಏಳುತ್ತದೆ. ಗುಂಡಿ ಇಲ್ಲ, ರಂಧ್ರ ಇಲ್ಲ. ಎಲ್ಲ ತುಟಿ. ಆದರೂ ಅವರು ಚೆಂಡೆಯ ಹೊಡೆತದ ನಡುವೆ ಎಲ್ಲಿ ಜಾಗ ಸಿಗುತ್ತದೋ ಅಲ್ಲಿ ಹೊಕ್ಕು ಬರುತ್ತಾರೆ, ತಾಳ ಒಂದು ಕೂದಲೆಳೆ ಆಚೀಚೆ ಆಗುವುದಿಲ್ಲ. ದೇವರ ಬಲಿ ಸುತ್ತು ಮುಗಿದ ಮೇಲೆ ಮಾತಾಡಿಸಿದೆ. ಬಿಸಿಲಿಗಿಂತ ತುಟಿ ಒಣಗುವುದೇ ಕಷ್ಟ ಅಂದರು. ನನ್ನ ಮಗಳು ತನ್ನ ತುಟಿಯ ಗುರುತು ತೋರಿಸಿದಳು. ಅವರು ತಮ್ಮದನ್ನು ತೋರಿಸಿದರು. ಅವರ ಮೇಲ್ತುಟಿಯ ನಡುವೆ ಅಕ್ಕಿಕಾಳಿನಷ್ಟು ಗಟ್ಟಿ ಚರ್ಮ.

ಲೂಯಿ ಆರ್ಮ್‌ಸ್ಟ್ರಾಂಗ್ ಎಂಬ ದೊಡ್ಡ ಟ್ರಂಪೆಟ್ ವಾದಕನ ತುಟಿಯೂ ಹಾಗೇ ಗಾಯವಾಗಿ, ಗಟ್ಟಿಯಾಗಿ ಹೋಗಿತ್ತು. 1901ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದ ಕಡು ಬಡವರ ಹುಡುಗ. ಹೊಸ ವರ್ಷದ ಹಿಂದಿನ ರಾತ್ರಿ ಬೀದಿಯಲ್ಲಿ ಪಿಸ್ತೂಲು ಹಾರಿಸಿದ್ದಕ್ಕೆ ಮಕ್ಕಳ ಸುಧಾರಣಾ ಗೃಹಕ್ಕೆ ಹಾಕಿದರು. ಅಲ್ಲಿ ಅವನ ಕೈಗೆ ಬ್ಯೂಗಲ್ ಬಂತು. ಉಳಿದ ಹುಡುಗರನ್ನು ಎಬ್ಬಿಸಲು, ಊಟಕ್ಕೆ ಕರೆಯಲು ಊದುವ ಕೆಲಸ. ಆಮೇಲೆ ಕಾರ್ನೆಟ್, ಆಮೇಲೆ ಟ್ರಂಪೆಟ್. ಇದನ್ನು ಅಜ್ಜನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಐದು ಸ್ವರದಿಂದ ಹೊರಟವ ಅಲ್ವಾ, ಹಾಗಾದ್ರೆ ಬುಡ ಗಟ್ಟಿ ಇರ್ತದೆ" ಅಂದರು.

ಇನ್ನು ಕೆನ್ನೆ. ಊದುವಾಗ ಕೆನ್ನೆ ಉಬ್ಬಿಸಬಾರದು ಅಂತ ಅಜ್ಜ ಹುಡುಗಿಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಕೆನ್ನೆಯನ್ನು ಹಲ್ಲಿಗೆ ಒತ್ತಿ ಹಿಡಿಯುವ ಒಂದು ಸ್ನಾಯು ನಮಗೆಲ್ಲರಿಗೂ ಇದೆ. ಅನ್ನ ಅಗಿಯುವಾಗ ತುತ್ತು ಕೆನ್ನೆಯ ಕಡೆ ಜಾರದಂತೆ ನೋಡಿಕೊಳ್ಳುವುದೂ ಅದೇ. ವೈದ್ಯರು ಅದನ್ನು ಬಕ್ಸಿನೇಟರ್ ಅನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಕಹಳೆ ಊದುವವನು ಎಂದೇ ಅರ್ಥ. ಉತ್ತರ ಅಮೆರಿಕದ ಒಂದು ದೊಡ್ಡ ಬಿಳಿ ಹಂಸಕ್ಕೂ ವಿಜ್ಞಾನಿಗಳು ಇಟ್ಟ ಹೆಸರು ಅದೇ, ಸಿಗ್ನಸ್ ಬಕ್ಸಿನೇಟರ್, ಟ್ರಂಪೆಟರ್ ಹಂಸ. ಅದರ ಶ್ವಾಸನಾಳ ಎದೆಮೂಳೆಯ ಒಳಗೆ ಹೊಕ್ಕು ಸುತ್ತಿ ಬರುತ್ತದೆ, ಥೇಟ್ ಟ್ರಂಪೆಟ್ಟಿನ ಕೊಳವೆಯ ಹಾಗೆ. ನಮ್ಮ ದೇಶದ ಸಾರಸ್ ಕೊಕ್ಕರೆಗೂ ಹಾಗೇ ಎದೆಯೊಳಗೆ ಸುತ್ತಿದ ಉದ್ದದ ನಾಳ. ಗರಿ ಮತ್ತು ಚರ್ಮಕ್ಕಾಗಿ ಆ ಹಂಸಗಳನ್ನು ಬೇಟೆಯಾಡಿ ಮುಗಿಸುತ್ತಾ ಬಂದಿದ್ದರು. ಈಗ ಕಾಪಾಡಿದ್ದರಿಂದ ಸಾವಿರಗಟ್ಟಲೆ ಇವೆ. ಇದನ್ನು ಓದಿದಾಗ ತುಂಬಾ ಸಮಾಧಾನ ಆಯಿತು.

ಮತ್ತೆ ನಮ್ಮ ಆನೆಗೆ ಬರುತ್ತೇನೆ. ಆ ದೊಡ್ಡ ಕೂಗು ಸೊಂಡಿಲಿನ ಮೂಲಕ ಗಾಳಿಯನ್ನು ರಭಸದಿಂದ ನುಗ್ಗಿಸಿದಾಗ ಬರುವುದು. ಆದರೆ ಏಷ್ಯಾದ ಆನೆಗಳು ಇನ್ನೊಂದು ಸಣ್ಣ, ಕೀರಲು ಸದ್ದೂ ಮಾಡುತ್ತವೆ. ಅಷ್ಟು ದೊಡ್ಡ ದೇಹದಿಂದ ಅಷ್ಟು ಸಪೂರ ಸದ್ದು ಹೇಗೆ ಬರುತ್ತದೆ ಎಂದು ಬಹಳ ಕಾಲ ಗೊತ್ತಿರಲಿಲ್ಲ. 2021ರಲ್ಲಿ ನೇಪಾಳದ ಸಾಕಾನೆಗಳನ್ನು ನೋಡಿ ಸಂಶೋಧಕರು ಅದನ್ನು ಬಿಡಿಸಿದರು. ಕೆಲವು ಆನೆಗಳು ಬಾಯಿ ಮುಚ್ಚಿ, ತುಟಿ ಬಿಗಿ ಮಾಡಿ, ನಡುವೆ ಗಾಳಿ ನೂಕಿ ತುಟಿಯನ್ನೇ ನಡುಗಿಸುತ್ತವೆ. ಟ್ರಂಪೆಟ್ ಊದುವವರು ಮಾಡುವುದು ಇದನ್ನೇ! ಇದನ್ನು ಮಗಳಿಗೆ ಓದಿ ಹೇಳಿದಾಗ ಅವಳು ತನ್ನ ತುಟಿಯನ್ನು ಮುಟ್ಟಿ ನೋಡಿಕೊಂಡಳು.

ಎದೆಗೆ ತಾಗಿತು ಅಂದೆನಲ್ಲ, ಅದಕ್ಕೂ ಒಂದು ಕಥೆ ಇದೆ. ಕೇಟಿ ಪೇಯ್ನ್ ಎಂಬ ಸಂಶೋಧಕಿ 1984ರಲ್ಲಿ ಅಮೆರಿಕದ ಒಂದು ಮೃಗಾಲಯದಲ್ಲಿ ಆನೆಗಳ ಪಕ್ಕ ಕೂತಿದ್ದಾಗ ಕಿವಿಗೆ ಏನೂ ಕೇಳದೆ ಗಾಳಿ ಮಾತ್ರ ಮಿಡಿಯುತ್ತಿರುವ ಹಾಗೆ ಅನಿಸಿತಂತೆ. ಚಿಕ್ಕಂದಿನಲ್ಲಿ ಪ್ರಾರ್ಥನಾ ಮಂದಿರದ ದೊಡ್ಡ ಆರ್ಗನ್ ವಾದ್ಯದ ಪಕ್ಕ ನಿಂತು ಹಾಡುವಾಗ ಹಾಗೇ ಅನಿಸುತ್ತಿದ್ದುದು ನೆನಪಾಗಿ, ಮತ್ತೆ ಬಂದು ರೆಕಾರ್ಡ್ ಮಾಡಿ ನೋಡಿದಾಗ ತಿಳಿಯಿತು, ಮನುಷ್ಯರ ಕಿವಿಗೆ ಸಿಗದಷ್ಟು ತಗ್ಗಿನ ಸದ್ದಿನಲ್ಲಿ ಆನೆಗಳು ಮಾತಾಡುತ್ತವೆ ಎಂದು. ಆ ಸದ್ದು ಕಾಡಿನೊಳಗೆ ಕಿಲೋಮೀಟರುಗಟ್ಟಲೆ ಹೋಗುತ್ತದೆ. ನಾವು ಡಬ್ಬ ಬಡಿಯುತ್ತಿದ್ದ ಹೊತ್ತಿಗೆ ಆಚೆ ದಡದಲ್ಲಿ ಇನ್ನಾರೋ ಅದಕ್ಕೆ ಉತ್ತರ ಕೊಡುತ್ತಿದ್ದಿರಬಹುದು.

ಅಜ್ಜ ಈಗ ಊದುವುದಿಲ್ಲ. ಮೂರು ವರ್ಷದ ಹಿಂದೆ ಮುಂದಿನ ಹಲ್ಲು ಹೋದವು. ಹಲ್ಲಿನ ಸೆಟ್ ಹಾಕಿದ್ದಾರೆ, ಆದರೆ ಊದಲು ಹೋದರೆ ಅದು ಅಲುಗುತ್ತದೆ. ತುಟಿಗೆ ಹಿಂದಿನಿಂದ ಆಧಾರ ಬೇಕು. ಕಹಳೆ ಊದುವವರಿಗೆ ಹಲ್ಲು ಹೋದರೆ ಅರ್ಧ ವಿದ್ಯೆ ಹೋದಂತೆ. ಅವರ ಬ್ಯೂಗಲ್ ಗೋಡೆಯ ಮೊಳೆಯಲ್ಲಿದೆ, ಹುಳಿ ಹಚ್ಚಿ ತಿಕ್ಕಿ ಫಳಫಳ ಇಟ್ಟಿದ್ದಾರೆ.

ಕಳೆದ ಮಳೆಗಾಲದಲ್ಲಿ ಅವರ ಜೊತೆ ಸೈನ್ಯದಲ್ಲಿದ್ದ ಒಬ್ಬರು ತೀರಿಕೊಂಡರು. ಸೈನಿಕರಿಗೆ ವಿದಾಯ ಹೇಳುವ ಬ್ಯೂಗಲ್ ಕರೆ, ಲಾಸ್ಟ್ ಪೋಸ್ಟ್, ಊದಲು ಯಾರೂ ಸಿಗಲಿಲ್ಲ. ಕೊನೆಗೆ ಒಬ್ಬರು ಫೋನಿನಿಂದ ಸಣ್ಣ ಸ್ಪೀಕರಿನಲ್ಲಿ ಹಾಕಿದರು. ಅರ್ಧದಲ್ಲಿ ಜಾಹೀರಾತು ಬಂತು. ಅಜ್ಜ ಸೆಲ್ಯೂಟಿನ ಕೈ ಇಳಿಸಲಿಲ್ಲ, ಆದರೆ ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ. ಆಮೇಲೆ ದಾರಿಯಲ್ಲಿ ಹೇಳಿದರು, ಅದು ಮೊದಲು ಸಾವಿನ ಕರೆ ಆಗಿರಲಿಲ್ಲವಂತೆ. ರಾತ್ರಿ ಅಧಿಕಾರಿ ಕಾವಲಿನ ಜಾಗಗಳನ್ನೆಲ್ಲ ನೋಡುತ್ತಾ ಹೋಗಿ ಕೊನೆಯ ಪೋಸ್ಟಿಗೆ ಬಂದಾಗ ಊದುತ್ತಿದ್ದದ್ದು. ಎಲ್ಲ ಸರಿ ಇದೆ, ಇನ್ನು ಮಲಗಿ, ಅಷ್ಟೇ ಅದರ ಮಾತು. ಬೆಲ್ಜಿಯಂನ ಈಪ್ರ್ ಎಂಬ ಊರಿನಲ್ಲಿ, ಮೊದಲ ಮಹಾಯುದ್ಧದಲ್ಲಿ ಸತ್ತ ಸೈನಿಕರ ಮೆನಿನ್ ಗೇಟ್ ಸ್ಮಾರಕದಲ್ಲಿ 1928ರಿಂದ ಪ್ರತಿ ರಾತ್ರಿ ಎಂಟು ಗಂಟೆಗೆ ಊರಿನವರೇ ಅದನ್ನು ಊದುತ್ತಾ ಬಂದಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಕೈಯಲ್ಲಿದ್ದ ಕಾಲವೊಂದು ಬಿಟ್ಟು. ಅಲ್ಲಿ ಕೆತ್ತಿದ 54 ಸಾವಿರಕ್ಕೂ ಜಾಸ್ತಿ ಹೆಸರುಗಳಲ್ಲಿ ನಮ್ಮ ದೇಶದ ಸಿಪಾಯಿಗಳ ಹೆಸರುಗಳೂ ಇವೆ. ಒಂದು ಪುಟ್ಟ ಊರು ಅಷ್ಟು ವರ್ಷ ನಿಲ್ಲಿಸದೆ ಮಾಡಿದ್ದನ್ನು ನಾವು ಒಂದು ಮಧ್ಯಾಹ್ನಕ್ಕೆ ಹೊಂದಿಸಲಾರದೆ ಹೋದೆವು. ನನಗೆ ಅದು ಈಗಲೂ ನೋಯುತ್ತದೆ.

ಮೊನ್ನೆ ಸಂಜೆ ಅಜ್ಜ ಗೋಡೆಯಿಂದ ಬ್ಯೂಗಲ್ ಇಳಿಸಿ ಮಗಳ ಕೈಗೆ ಕೊಟ್ಟರು. ಅಂಗಳದ ಕೊನೆಯಲ್ಲಿ ಕೆಂಪು ಕಲ್ಲಿನ ಕಟ್ಟೆಯ ಮೇಲೆ, ಬೈಲಿನ ಕಡೆ ಮುಖ ಮಾಡಿ ನಿಲ್ಲಿಸಿದರು. ಕೆಳಗಿನ ಪ ಬಂತು. ಸ ಬಂತು. ಗ ಕೂಡ ಬಂತು. ಮೇಲಿನ ಪ ಒಡೆಯಿತು. ಮತ್ತೆ ಒಡೆಯಿತು. ಅಜ್ಜ ಎದುರಿಗೆ ಬಂದು ನಿಂತು, ಹೆಬ್ಬೆರಳಿನಿಂದ ಹಲ್ಲಿನ ಸೆಟ್ಟನ್ನು ಒತ್ತಿ ಕೂರಿಸಿ, ಬ್ಯೂಗಲ್ ಇಲ್ಲದೆ ಬರಿ ತುಟಿಯಲ್ಲಿ ಆ ಸ್ವರವನ್ನು ಹಿಡಿದು ತೋರಿಸಿದರು. ಸದ್ದು ಬರಲಿಲ್ಲ, ಗಾಳಿ ಮಾತ್ರ ಬಂತು. ಮಗಳು ಅವರ ತುಟಿಯ ಬದಿಗಳನ್ನೇ ನೋಡುತ್ತಾ ಬ್ಯೂಗಲನ್ನು ಮತ್ತೆ ಬಾಯಿಗೆ ತಂದಳು.