ಗ್ವಾಟೆಮಾಲಾ ಸಿಟಿ ಸೇಫಾ? ಮೊದಲು ಜೋನ್ ನಂಬರ್ ಹೇಳಿ

ಮಧ್ಯ ಅಮೆರಿಕ ಅಂತ ಬಾಯಿಬಿಟ್ಟರೆ ಸಾಕು, ಮುಂದಿನ ಪ್ರಶ್ನೆ ತಯಾರಾಗಿರುತ್ತದೆ: "ಗ್ವಾಟೆಮಾಲಾ ಸಿಟಿ ಡೇಂಜರಂತೆ, ಏರ್‌ಪೋರ್ಟಿಂದ ಸೀದಾ ಹತ್ತಿರದ ಹಳೆಯ ಊರು ಆಂಟಿಗುವಾಕ್ಕೆ ಹೋಗಿಬಿಡಬೇಕಂತೆ, ಹೌದಾ?" ಉತ್ತರವನ್ನೂ ತಾವೇ ಹೇಳಿಕೊಂಡು ಬಂದಮೇಲೆ ನನ್ನನ್ನು ಯಾಕೆ ಕೇಳುತ್ತೀರಿ? ಹೋಗಿ ಆಂಟಿಗುವಾಕ್ಕೆ. ಯಾರು ಬೇಡ ಅಂದರು?

ಇಡೀ ಊರನ್ನು ಒಂದೇ ಮಾತಲ್ಲಿ ತೂಗಿಬಿಡುವುದು ಹೊರಗಿನವರ ಚಾಳಿ. ಗ್ವಾಟೆಮಾಲಾ ದೇಶದ ಈ ರಾಜಧಾನಿಯನ್ನು ನಂಬರ್ ಹಾಕಿದ ಜೋನ್‌ಗಳಾಗಿ ಹಂಚಿದ್ದಾರೆ. ಊರಿನವರು ಮೊದಲು ಜೋನ್ ಕೇಳುತ್ತಾರೆ, ಆಮೇಲೆ ಎಷ್ಟು ಹೊತ್ತಿಗೆ ಅಂತ, ಆಮೇಲೆ ಯಾವುದರಲ್ಲಿ ಬರುತ್ತೀರಿ ಅಂತ. ಜೋನ್ 1ರಲ್ಲಿ 'ಲಾ ಸೆಕ್ಸ್ತಾ' ಅನ್ನುವ ಆರನೇ ಅವೆನಿದಾ ನಡೆಯುವವರಿಗೇ ಬಿಟ್ಟ ಬೀದಿ. ಭಾನುವಾರ ಮಧ್ಯಾಹ್ನ ಅಲ್ಲಿ ಮಕ್ಕಳುಮರಿ ಕಟ್ಟಿಕೊಂಡು ಬಂದ ಸಂಸಾರಗಳೇ ಸಂಸಾರಗಳು. ರಾತ್ರಿ ಅಂಗಡಿಗಳ ಶಟರ್ ಬಿದ್ದಮೇಲೆ ಅಲ್ಲಿಂದ ಎರಡು ಬೀದಿ ಆಚೆಗೆ ಹೋಗಲೂ ಊರಿನವರೇ ಊಬರ್ ಕರೆಸುತ್ತಾರೆ. ಈಗ ಹೇಳಿ, ಜೋನ್ 1 ಸೇಫಾ?

ಅಲ್ಲಿ ನಿಮಗೊಬ್ಬ ಗೆಳತಿಯೋ ಗೆಳೆಯನೋ ಇದ್ದರೆ ಅವರಿಗೂ ಈ ಪ್ರಶ್ನೆ ಹಾಕಬೇಡಿ. ಊರಿನ ಮಾನ ಉಳಿಸಲು ಏನೋ ಒಂದು ಹೇಳುತ್ತಾರೆ. "ಇಲ್ಲಿ ನೀನು ಫೋನ್ ಹೊರಗೆ ತೆಗೀತೀಯಾ?" ಅಂತ ಕೇಳಿ. ಉತ್ತರ ಬೀದಿಯಿಂದ ಬೀದಿಗೆ ಬದಲಾಗುತ್ತದೆ, ನಿಮಗೆ ಬೇಕಾದದ್ದು ಅದೇ.

ಯಾರಾದರೂ ಕೇಳಲಿ ಅಂತ ನಾನು ಕಾಯುವ ಪ್ರಶ್ನೆ ಬೇರೆ: ಆ ಊರಿನ ವಿಳಾಸ ಓದುವುದು ಹೇಗೆ? ಜೋನ್ 1 ನಟ್ಟನಡುವೆ. ಉಳಿದವು ಚಕ್ಕುಲಿಯಂತೆ ಅದನ್ನು ಸುತ್ತಿಕೊಂಡು 25ರ ತನಕ ಹೋಗುತ್ತವೆ. 20, 22, 23 ಇಲ್ಲವೇ ಇಲ್ಲ, ಹುಡುಕಬೇಡಿ. ಅವೆನಿದಾ ಅನ್ನುವ ಬೀದಿಗಳು ಉತ್ತರ-ದಕ್ಷಿಣ, ಕಾಯೆ ಅನ್ನುವವು ಪೂರ್ವ-ಪಶ್ಚಿಮ. '6ನೇ ಅವೆನಿದಾ 9-41, ಜೋನ್ 1' ಅಂದರೆ ಆರನೇ ಅವೆನಿದಾದಲ್ಲಿ ಒಂಬತ್ತನೇ ಕಾಯೆಯ ಮೂಲೆ ದಾಟಿ, ಹತ್ತನೆಯದು ಸಿಗುವ ಮೊದಲು, ಸುಮಾರು 41 ಮೀಟರ್. ಬೆಸ ಸಂಖ್ಯೆ ಒಂದು ಪಕ್ಕ, ಸಮ ಸಂಖ್ಯೆ ಎದುರು ಪಕ್ಕ. ಜೋನ್ 4ರ ರಸ್ತೆಗಳು ಮಾತ್ರ ಓರೆ. ಅಲ್ಲಿ ಅವೆನಿದಾ, ಕಾಯೆ ಬದಲು ರುತಾ, ವೀಯಾ.

ಎಡವುವುದು ಜೋನ್ ಬಿಟ್ಟಾಗ. ಅದೇ ಅವೆನಿದಾ, ಅದೇ ನಂಬರು ಇನ್ನೊಂದು ಜೋನಿನಲ್ಲೂ ಇರಬಹುದು. ಸಾಲದ್ದಕ್ಕೆ ಪಕ್ಕದ ಮಿಕ್ಸ್ಕೋ, ವಿಯಾ ನುಯೆವಾ ಪುರಸಭೆಗಳಿಗೂ ತಮ್ಮದೇ ಜೋನ್ 1, ಜೋನ್ 4 ಇವೆ. ಇನ್ನೊಂದು, ಬರ‍್ರಾಂಕೋ: ಊರನ್ನು ಸೀಳಿರುವ ಆಳವಾದ ಕಮರಿಗಳು. ನಕ್ಷೆಯಲ್ಲಿ ಅಕ್ಕಪಕ್ಕ ಕಾಣುವ ಎರಡು ಜೋನ್‌ಗಳ ನಡುವೆ ಕಮರಿ ಇದ್ದರೆ ಕಾರು ಊರೆಲ್ಲ ಸುತ್ತಿ ಬರಬೇಕು. ಗೆಳತಿ "ಹತ್ತಿರವೇ" ಅಂದರೆ ಯಾವ ಸೇತುವೆ ಮೇಲೆ ಅಂತ ಕೇಳಿಕೊಳ್ಳಿ.

ಒಂದು ದಿನ ಸಿಕ್ಕಿದರೆ ಬೆಳಿಗ್ಗೆ ಮೊದಲು ಜೋನ್ 2ರ ಮಾಪಾ ಎನ್ ರೆಲಿಯೆವೆ. ಬಯಲಲ್ಲಿ ಕಟ್ಟಿದ ಇಡೀ ದೇಶದ ಉಬ್ಬು ನಕ್ಷೆ, ಎಂಜಿನಿಯರ್ ಫ್ರಾನ್ಸಿಸ್ಕೋ ವೆಲಾ 1905ರಲ್ಲಿ ಮುಗಿಸಿದ್ದು. ನೆಲದ ಅಳತೆ 1:10,000, ಎತ್ತರದ್ದು 1:2,000. ಹಾಗಾಗಿ ಜ್ವಾಲಾಮುಖಿಗಳು ಐದು ಪಟ್ಟು ಕಡಿದಾಗಿ ನಿಂತಿವೆ. ಬೆಲೀಜ್ ದೇಶವನ್ನೂ ತಮ್ಮದೇ ಅಂತ ಸೇರಿಸಿಕೊಂಡಿದ್ದಾರೆ! ಮೇಯಿಂದ ಅಕ್ಟೋಬರ್‌ವರೆಗೆ ಮಧ್ಯಾಹ್ನದ ಮೇಲೆ ಮಳೆ, ಅದಕ್ಕೇ ಬೆಳಿಗ್ಗೆ ಅಂದದ್ದು.

ಆಮೇಲೆ ಜೋನ್ 1ರ ಕೇಂದ್ರ ಚೌಕ, 1943ರ ಹಸಿರು ಅರಮನೆ. ಕ್ಯಾಥೆಡ್ರಲ್ ಹಿಂದುಗಡೆ ನೆಲದಡಿಯ ಮಾರುಕಟ್ಟೆ: ಹಳೆಯ ಕಟ್ಟಡ 1976ರ ಭೂಕಂಪಕ್ಕೆ ಹಾಳಾದ ಮೇಲೆ ಕಟ್ಟಿದ್ದು. ಊಟ ಅಲ್ಲೇ. ಸಸ್ಯಾಹಾರಿಗಳು "ಮಾಂಸ ಬೇಡ" ಅಂತ ಅಷ್ಟಕ್ಕೇ ನಿಲ್ಲಿಸಿದರೆ ತಟ್ಟೆಗೆ ಕೋಳಿ ಬರುತ್ತದೆ. ಕೋಳಿ ಬೇಡ, ಕೋಳಿ ಸಾರು ಬೇಡ, ಕಪ್ಪು ಬೀನ್ಸ್ ಕಾಳಿಗೆ ಹಂದಿ ಕೊಬ್ಬು ಬೇಡ ಅಂತ ಗೆಳತಿಯಿಂದ ಬಿಡಿಬಿಡಿಸಿ ಹೇಳಿಸಿ. ರೆಯೆನಿತೋ ತಿನ್ನಿ: ಬೇಯಿಸಿ ಅರೆದ ಬಾಳೆಯೊಳಗೆ ಸಿಹಿ ಬೀನ್ಸ್ ಹೂರಣ ತುಂಬಿ ಕರಿದದ್ದು. ಯಾವ ಎಣ್ಣೆ ಅಂತ ಅದಕ್ಕೂ ಕೇಳಿ.

ಏಲಕ್ಕಿ ಟೀ ಮಾತ್ರ ಕೇಳಬೇಡಿ. ಆ ದೇಶದ ಹೆಸರು ಕೇಳಿದರೆ ಸಕಲೇಶಪುರದ ಬೆಳೆಗಾರರು ಮುಖ ಸಿಂಡರಿಸುವಷ್ಟು ಏಲಕ್ಕಿ ಆಲ್ತಾ ವೆರಾಪಾಸ್ ಪ್ರಾಂತ್ಯದಲ್ಲಿ ಬೆಳೆಯುತ್ತದೆ, ನಿಜ. ಆದರೆ ಬಹುಪಾಲು ಹಡಗು ಹತ್ತಿ ಅರಬ್ಬರ ಕಾಫಿಗೆ ಹೋಗುತ್ತದೆ. ಮಾರುಕಟ್ಟೆಯ ಊಟದಂಗಡಿಯವಳು ಅದನ್ನು ಅಡುಗೆಗೆ ಹಾಕುವುದೇ ಅಪರೂಪ.